ಅಜ್ಜನ ಕಾಲದ ಎಸ್ಟೇಟ್ ಬಂಗಲೆ: ರೆಸಾರ್ಟಿಗೆ ಲೀಸ್ ಕೊಡೋದಾ, ನಾವೇ ಹೋಂಸ್ಟೇ ಮಾಡೋದಾ?

ಹೆತ್ತೂರು ಕಡೆಯವಳು (ಪ್ರಶ್ನೆ):
ನಮ್ಮದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ ಕಾಫಿ ತೋಟ. ಬಂಗಲೆ ಇಂಗ್ಲಿಷ್ ದೊರೆಗಳ ಕಾಲದ್ದು. ಅವರು ಬಿಟ್ಟು ಹೋಗುವಾಗ ನಮ್ಮ ಅಜ್ಜ ತೋಟದ ಜೊತೆ ಕೊಂಡುಕೊಂಡರು. ಸುತ್ತ ಜಗಲಿ, ಹಾಲಿನಲ್ಲಿ ಬೆಂಕಿಗೂಡು, ಹಿಂದುಗಡೆ ಬೇರೆಯಾಗಿ ಅಡುಗೆಮನೆ, ಮೇಲೆ ಮಂಗಳೂರು ಹೆಂಚು. ಈಗ ಅಲ್ಲಿರೋದು ಅಮ್ಮ ಮತ್ತು ಅಡುಗೆಯವರು ಮಾತ್ರ. ಎರಡು ಕೋಣೆ ಬಿಟ್ಟು ಉಳಿದದ್ದಕ್ಕೆಲ್ಲ ಬೀಗ. ಕಳೆದ ಮಳೆಗಾಲ ಪಶ್ಚಿಮದ ಗೋಡೆ ಪೂರ್ತಿ ಒದ್ದೆಯಾಗಿ ಗಾರೆ ಉದುರಿತು.

ಅಣ್ಣನ ಹತ್ತಿರ ಬೆಂಗಳೂರಿನ ಒಂದು ಕಂಪನಿಯವರು ಬಂದಿದ್ದಾರೆ. 30 ವರ್ಷದ ಲೀಸ್. ಬಂಗಲೆ ರೆಸ್ಟೋರೆಂಟ್ ಆಗುತ್ತದಂತೆ, ಕೆರೆ ಪಕ್ಕದ ರೋಬಸ್ಟಾ ಕಾಫಿ ಗಿಡ ತೆಗೆದು 20 ಕಾಟೇಜ್, ಒಂದು ಈಜುಕೊಳ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಬಂಗಲೆ ಉಳಿಸಲು ದುಡ್ಡು ಬೇಕೇ ಬೇಕು. ಇದರಲ್ಲಿ ಪಳಗಿದವರು ದಯವಿಟ್ಟು ಹೇಳಿ.

ಮೂಡಿಗೆರೆ ತೋಟದವ:
ತಂಗಿ, ಸಹಿ ಹಾಕುವ ಮುಂಚೆ ಕೆರೆಯ ಲೆಕ್ಕ ಹಾಕು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಬಿಡಲೇಬೇಕು. ಕೆರೆ ತಳ ಕಾಣೋದೂ ಆಗಲೇ. 20 ಕಾಟೇಜಿಗೆ, ಈಜುಕೊಳಕ್ಕೆ ನೀರು ಬೇಕಾಗೋದೂ ಅದೇ ಹೊತ್ತಿಗೆ. ಆ ವರ್ಷ ಕಾಫಿ ಹೂ ಅರಳಿಸುವ ಮಳೆ ಕೈಕೊಟ್ಟರೆ ನೀರು ಯಾರಿಗೆ ಅಂತ ಕರಾರಿನಲ್ಲಿ ಬರೆದಿದೆಯಾ ನೋಡು.

ಜಮೀನಿನ ವಿಷಯ. ಕಾಫಿ ತೋಟಕ್ಕೆ ಭೂಸುಧಾರಣಾ ಕಾಯ್ದೆಯ ಜಮೀನು ಮಿತಿಯಿಂದ ವಿನಾಯಿತಿ ಸಿಕ್ಕಿರೋದು ಅದು ಪ್ಲಾಂಟೇಶನ್ ಅನ್ನುವ ಕಾರಣಕ್ಕೆ, 104ನೇ ಕಲಮಿನಲ್ಲಿ. ಗಿಡ ಕಿತ್ತು ಕಾಟೇಜ್ ಕಟ್ಟಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಡಿಸಿಯವರಿಂದ ಭೂಪರಿವರ್ತನೆ ಆಗಬೇಕು. ಕಂಪನಿ ನಡುವೆ ಬಿಟ್ಟು ಹೋದರೆ ಆ ಜಾಗಕ್ಕೆ ಮತ್ತೆ ಕಾಫಿ ಬರೋದು ಕನಸಿನ ಮಾತು. ಹೋಂಸ್ಟೇ ದಾರಿಯೇ ಬೇರೆ. ಮನೆಯವರು ಅಲ್ಲೇ ವಾಸ ಇರಬೇಕು, ಕೋಣೆಗಳ ಸಂಖ್ಯೆಗೆ ಮಿತಿ ಇದೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು. ವಿದೇಶದವರು ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡಬೇಕು. ನಿಮ್ಮ ಅಮ್ಮ ಅಲ್ಲೇ ಇದ್ದಾರಲ್ಲ, ಅದೇ ನಿಮ್ಮ ದೊಡ್ಡ ಬಲ.

ಇನ್ನು ಗೋಡೆ. ನಿನ್ನ ಪ್ರಶ್ನೆಯಲ್ಲಿ ನನಗೆ ಕಳವಳ ಆಗಿದ್ದು ಅದೊಂದೇ. ಯಾರಾದರೂ ಬಂದು ಸಿಮೆಂಟ್ ಬಳಿದು ವಾಟರ್‌ಪ್ರೂಫ್ ಪೇಂಟ್ ಹೊಡೆಯೋಣ ಅಂದರೆ ಬೇಡ ಅನ್ನು. ಆ ಕಾಲದ ಗೋಡೆಗಳು ಕಲ್ಲು, ಮಣ್ಣು, ಸುಣ್ಣದವು. ಮುಂಗಾರಿನಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಬಿಡುತ್ತವೆ. ಮೇಲೆ ಸಿಮೆಂಟ್ ಬಿದ್ದರೆ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ನಮ್ಮ ಪಕ್ಕದ ತೋಟದ ಬಂಗಲೆಯಲ್ಲಿ ಹೀಗೇ ಮಾಡಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಮೈಯಲ್ಲಿ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಎದ್ದು, ಬೆರಳಿಟ್ಟರೆ ಗಾರೆ ಪುಡಿಯಾಗಿ ಉದುರುತ್ತಿತ್ತು. ಗೋಡೆಯೊಳಗೆ ಸೇರಿದ್ದ ತೊಲೆಯ ತುದಿಗಳು ಕೊಳೆತು, ಗೆದ್ದಲು ಹಿಡಿದು, ಜಗಲಿಯ ಒಂದು ಮೂಲೆ ಕುಸಿಯಿತು. ಕೊಳೆಸಿದ ಸುಣ್ಣಕ್ಕೆ ಮರಳು, ಬೆಲ್ಲ, ಅಳಲೆಕಾಯಿ ನೀರು ಹಾಕಿ ಕಲಸುವ ಗಾರೆಯವರು ಈಗಲೂ ಸಿಗುತ್ತಾರೆ. ಕೆಲಸ ನಿಧಾನ, ಕೂಲಿ ಜಾಸ್ತಿ, ಆದರೂ ಅದೇ ಸರಿ. ಗೋಡೆ ಮುಟ್ಟುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿಸು. ಪಶ್ಚಿಮದ ಸೂರು ಗಿಡ್ಡವಾಗಿದೆಯಾ, ಚರಂಡಿಯಲ್ಲಿ ಮಣ್ಣು ತುಂಬಿದೆಯಾ ನೋಡು. ಬಹಳ ಸಲ ಕಾಯಿಲೆ ಅಲ್ಲೇ ಇರುತ್ತೆ.

ಹೆಂಚಿಗೂ ಅಷ್ಟೇ ಗಮನ ಕೊಡು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಗಂಟೆಯ ಹಾಗೆ ಠಣ್ ಅಂದರೆ ಗಟ್ಟಿ ಹೆಂಚು, ಬೊದ್ದು ಸದ್ದು ಬಂದರೆ ಬಿರುಕು ಬಿಟ್ಟಿದೆ ಅಂತ. ಅಡಿಯಲ್ಲಿ ಬಾಸೆಲ್ ಮಿಷನ್ ಮುದ್ರೆ ಇದ್ದರೆ ಒಂದನ್ನೂ ಎಸೆಯಬೇಡ. ಅವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಆ ಹೆಂಚು ಇವತ್ತಿಗೂ ಮಳೆ ತಡೆಯುತ್ತೆ.

ಕನಕಪುರ ರಸ್ತೆ ನಿವಾಸಿ:
ಮೇಡಂ, ಮೊದಲು ಅಣ್ಣ, ಅಮ್ಮ, ನೀವು ಕೂತು ವಿಭಾಗಪತ್ರ ಮುಗಿಸಿ. ನಮ್ಮ ಕಡೆಯ ತಾತಗುಣಿ ಎಸ್ಟೇಟ್ ನೋಡಿ, 468 ಎಕರೆ. ಅದರ ಒಡೆಯರಾದ ಚಿತ್ರಕಾರ ರೋರಿಕ್ 1993ರಲ್ಲಿ, ಅವರ ಹೆಂಡತಿ, ಸಿನಿಮಾ ನಟಿ ದೇವಿಕಾ ರಾಣಿ 1994ರಲ್ಲಿ ತೀರಿಕೊಂಡರು. ಜಮೀನು ಯಾರದೆಂದು ವ್ಯಾಜ್ಯ ಎದ್ದಿತು, 1996ರಲ್ಲಿ ಸರ್ಕಾರ ಎಸ್ಟೇಟ್ ವಹಿಸಿಕೊಳ್ಳಲು ಕಾಯ್ದೆ ತಂದಿತು, ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 2011ರಲ್ಲಿ. ಕೋರ್ಟಿಗೆ ಆತುರ ಇರೋದಿಲ್ಲ, ಮಳೆಗೂ ಗೆದ್ದಲಿಗೂ ಕಾಯುವ ವ್ಯವಧಾನ ಇಲ್ಲ.

ಪಾಲಿಬೆಟ್ಟ:
ನಮ್ಮ ಕೊಡಗಿನಲ್ಲಿ ಟಾಟಾದವರು ಕಾಫಿ ತೋಟದ ಹಳೇ ಮ್ಯಾನೇಜರ್ ಬಂಗಲೆಗಳನ್ನೇ ಅತಿಥಿಗಳಿಗೆ ತೆರೆದಿದ್ದಾರೆ, ಸುತ್ತ ತೋಟ ಎಂದಿನಂತೆ ನಡೆಯುತ್ತಿದೆ. ಜನ ಬರೋದು ಆ ಜಗಲಿ, ಆ ಅಡುಗೆ, ಆ ತೋಟದ ನಡಿಗೆಗೆ. ಆದರೆ ದೊಡ್ಡ ಕಂಪನಿಗೆ ಒಂದು ಸೀಸನ್ ಖಾಲಿ ಹೋದರೂ ತಡೆದುಕೊಳ್ಳುವ ಶಕ್ತಿ ಇದೆ. ನೀವು ಸಾಲ ಮಾಡಿ ಶುರು ಮಾಡಬೇಡಿ.

ಹೆತ್ತೂರು ಕಡೆಯವಳು:
ಎಲ್ಲರಿಗೂ ಧನ್ಯವಾದ. ಅಣ್ಣನಿಗೆ ಇದನ್ನೆಲ್ಲ ಓದಿಸಿದೆ. ಅವನ ಪ್ರಶ್ನೆ: ಡಿಸೆಂಬರ್ ರಜೆಯಲ್ಲೇ ಹೆಚ್ಚು ಜನ ಬರೋದು, ಆಗ ಕಾಫಿ ಕುಯ್ಲೂ ಇರುತ್ತೆ. ಆಳುಗಳನ್ನು ಎಲ್ಲಿಂದ ತರೋದು?

ಮೂಡಿಗೆರೆ ತೋಟದವ:
ಒಳ್ಳೇ ಪ್ರಶ್ನೆ ಕೇಳಿದ್ದಾರೆ ನಿಮ್ಮಣ್ಣ. ಕುಯ್ಲಿನ ಆಳುಗಳನ್ನು ಹಾಸಿಗೆ ಹಾಸಲು ಎಳೆಯಬೇಡಿ, ತೋಟದ ಲೆಕ್ಕ ಬರೆಯುವ ರೈಟರ್ ತಲೆಗೂ ಬುಕಿಂಗ್ ಕಟ್ಟಬೇಡಿ. ಆಳುಗಳು ಇರುವ ಲೈನಿನ ಮನೆಗಳ ಹೆಂಗಸರಲ್ಲಿ ಇಬ್ಬರಿಗೆ ವರ್ಷಪೂರ್ತಿ ಸಂಬಳ ಕೊಟ್ಟು ಬಂಗಲೆ ಕೆಲಸಕ್ಕೇ ಇಟ್ಟುಕೊಳ್ಳಿ. ಮೊದಲ ವರ್ಷ ಮೂರೇ ಕೋಣೆ. ಅದರಿಂದ ಬಂದ ದುಡ್ಡು ಪಶ್ಚಿಮದ ಗೋಡೆಗೇ ಹೋಗಲಿ. ನಿಮ್ಮ ಕಡೆ ಆನೆ ಕಾಟ ಇರೋದರಿಂದ ಕತ್ತಲಾದ ಮೇಲೆ ಅತಿಥಿಗಳು ಅಂಗಳ ದಾಟಬಾರದು ಅಂತ ಬುಕಿಂಗ್ ಮಾಡುವಾಗಲೇ ಹೇಳಿ. ಡಿಜೆ ಕೇಳುವವರಿಗೆ ಕೋಣೆ ಇಲ್ಲ ಅಂದುಬಿಡಿ.

ಗಾರೆ ಮೇಸ್ತ್ರಿಯ ನಂಬರ್ ನಿನಗೆ ಮೆಸೇಜಿನಲ್ಲಿ ಹಾಕಿದ್ದೇನೆ. ಏಪ್ರಿಲ್ ಒಳಗೆ ಕರೆಸು, ಮೇ ಮುಗಿಯುವಷ್ಟರಲ್ಲಿ ಹೆಂಚು ಕೈಯಾಡಿಸಿ ಆಗಿರಬೇಕು.