ಬ್ಯಾಂಡ್ ತಂಡಕ್ಕೆ ಎತ್ತರದ ರೋಮದ ಟೋಪಿ: ಒಳಗೆ ಏನು ಹಾಕಬೇಕು?

ಪ್ರಶ್ನೆ: ಬದಿಯಡ್ಕ ಕಡೆಯ ಶಾಲಾ ಬ್ಯಾಂಡಿಗೆ ಲಂಡನ್ನಿನ ಅರಮನೆ ಕಾವಲುಗಾರರ ಬೇರ್‌ಸ್ಕಿನ್ ತರಹದ ಟೋಪಿ ಬೇಕು. ಒಳಗೆ ರಟ್ಟು ಸಾಕಾ? ಗರಿ ಯಾವ ಬದಿಗೆ?

ಉತ್ತರ 1: ರಟ್ಟು ಖಂಡಿತ ಬೇಡ. ನಮ್ಮ ಕಾಸರಗೋಡಿನ ಸೆಕೆಗೆ ಬೆವರು ಹೀರಿ ಅಂಚು ಮೆತ್ತಗಾಗುತ್ತದೆ, ಟೋಪಿ ವಾಲುತ್ತದೆ. ಅಸಲಿ ಟೋಪಿಯೊಳಗೂ ಹೆಣೆದ ಬುಟ್ಟಿಯಂಥ ಚೌಕಟ್ಟೇ ಇರುವುದು. ಎತ್ತರ ಸುಮಾರು 45 ಸೆಂ.ಮೀ., ತೂಕ 700 ಗ್ರಾಂ ಆಸುಪಾಸು. ಮಕ್ಕಳಿಗೆ 30 ಸೆಂ.ಮೀ. ಧಾರಾಳ. ಬೆತ್ತ ಹೆಣೆಯುವವರಿಗೆ ತಲೆಸುತ್ತಿಗಿಂತ 3 ಸೆಂ.ಮೀ. ಹೆಚ್ಚು ಬಾಯಿ ಇಡಲು ಹೇಳಿ. ಒಳಗೆ ಅರ್ಧ ಸೆಂ.ಮೀ. ದಪ್ಪದ ಹತ್ತಿ ಪಟ್ಟಿ ಹೊಲಿದಾಗ ಅಷ್ಟು ಜಾಗ ಅದಕ್ಕೇ ಹೋಗುತ್ತದೆ. ನೆತ್ತಿಯ ಹತ್ತಿರ ಗಾಳಿಗೆ ಕಿಂಡಿ ಬಿಡಿಸಿ.

ಉತ್ತರ 2: ಕೃತಕ ರೋಮದ ಬಟ್ಟೆಗೆ ಕತ್ತರಿ ಹಾಕಬೇಡಿ. ರೋಮವೂ ತುಂಡಾಗಿ ಹೊಲಿಗೆಯ ಗೆರೆ ಬೋಳಾಗಿ ಕಾಣುತ್ತದೆ. ಮಗುಚಿ ಹಾಕಿ, ಹಿಂಬದಿಯ ನೇಯ್ಗೆಯನ್ನಷ್ಟೇ ಬ್ಲೇಡಿನಿಂದ ಸೀಳಿ. ರೋಮದ ಓಟ ಕೆಳಮುಖವಾಗಿರಲಿ, ಜೋಡಣೆ ಹಿಂದೆ ಬರಲಿ. ಹೊಲಿಗೆಯಲ್ಲಿ ಸಿಕ್ಕ ಎಳೆಗಳನ್ನು ಸೂಜಿಯಿಂದ ಮೀಟಿ ಹೊರತೆಗೆದರೆ ಗೆರೆಯೇ ಕಾಣದು. ಇಸ್ತ್ರಿ ಮುಟ್ಟಿಸಿದರೆ ಕರಗಿ ಗಂಟಾಗುತ್ತದೆ.

ಉತ್ತರ 3: ಗರಿ ಆ ಕಾವಲುಗಾರರ ರೆಜಿಮೆಂಟಿನ (ಸೇನಾ ದಳದ) ಗುರುತು, ಎಡ-ಬಲ ತೊಟ್ಟವರ ಲೆಕ್ಕದಲ್ಲಿ: ಗ್ರೆನೇಡಿಯರ್ ಬಿಳಿ, ಎಡಕ್ಕೆ, ಕೋಲ್ಡ್‌ಸ್ಟ್ರೀಮ್ ಕೆಂಪು, ಬಲಕ್ಕೆ, ಐರಿಷ್ ನೀಲಿ, ಬಲಕ್ಕೆ, ವೆಲ್ಷ್ ಬಿಳಿ-ಹಸಿರು-ಬಿಳಿ, ಎಡಕ್ಕೆ. ಸ್ಕಾಟ್ಸ್‌ಗೆ ಗರಿಯೇ ಇಲ್ಲ. ಬದಿ ತಪ್ಪಿಸಬೇಡಿ, ತಿಳಿದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅರಮನೆ ಕಾವಲುಗಾರರ ಟೋಪಿಯ ಸರಪಳಿ ಕೆಳತುಟಿಯ ಕೆಳಗೆ ಬರುತ್ತದೆ. ಕೊಳಲು, ಬ್ಯೂಗಲ್ ಊದುವ ಮಕ್ಕಳಿಗೆ ಅದು ಅಡ್ಡಿ, ಗದ್ದದ ಅಡಿಗೆ ಇಲಾಸ್ಟಿಕ್ ಕೊಡಿ. ಮಳೆಗೆ ನೆನೆದರೆ ಕೊಡವಿ ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಆಟಿ ತಿಂಗಳಲ್ಲಿ ಬೂಷ್ಟು ಗ್ಯಾರಂಟಿ.