ಸಹಾಯ ಬೇಕು: ಒಂದೇ ಕುಂಡದ ಆರಿಕುಲಾದಲ್ಲಿ ಎರಡು ಥರದ ಹೂವು

ಎಲ್ಲರಿಗೂ ನಮಸ್ಕಾರ. ನಾವಿರುವುದು ಎಡಿನ್‌ಬರೋದಲ್ಲಿ. ಹಿತ್ತಿಲಿನ ಮಣ್ಣಿನ ಕುಂಡದಲ್ಲಿ ಒಂದು ಆರಿಕುಲಾ ಪ್ರಿಮುಲಾ ಇದೆ. ಆಲ್ಪ್ಸ್ ಬೆಟ್ಟದ ಬಂಡೆ ಸಂದಿನಲ್ಲಿ ಬೆಳೆಯುವ ಗಿಡದ ವಂಶ. ಪ್ರತಿ ವಸಂತದಲ್ಲೂ ಕಡು ನೇರಳೆ ಹೂ, ನಡುವೆ ಕೆನೆ ಬಣ್ಣದ ಕಣ್ಣು. ಈ ಸಲ ಒಂದು ಗೊಂಚಲು ಮಾತ್ರ ಮಾಸಲು ಹಳದಿ!

ಗೊಬ್ಬರ ಜಾಸ್ತಿಯಾಗಿರಬೇಕು, ಚಳಿಗೆ ಹೀಗಾಗಿರಬೇಕು ಎಂದು ಕೆಲವರು ಹೇಳಿದರು. ನನಗೇಕೋ ನಂಬಿಕೆ ಬರಲಿಲ್ಲ. ಚಳಿಗೆ ಬಣ್ಣ ಮಂಕಾಗಬಹುದು, ಹೂವಿನ ಒಳಗಿನ ರಚನೆಯೂ ಬದಲಾಗುತ್ತದಾ? ಲೆನ್ಸ್ ಹಿಡಿದು ನೋಡಿದೆ. ನೇರಳೆ ಹೂವಿನ ಕೊಳವೆ ಬಾಯಲ್ಲಿ ಕೇಸರಗಳು (ಪರಾಗ ಇರುವ ಗಂಡು ಭಾಗ) ತುಂಬಿವೆ, ಶಲಾಕೆ (ಹೆಣ್ಣು ಭಾಗದ ಕಡ್ಡಿ) ಒಳಗೆಲ್ಲೋ ಅಡಗಿದೆ. ಹಳದಿಯಲ್ಲಿ ಉಲ್ಟಾ. ಗುಂಡುಸೂಜಿ ತಲೆಯ ಹಾಗೆ ಶಲಾಕೆಯ ತುದಿ ಮೇಲೆ, ಕೇಸರಗಳು ಕೆಳಗೆ. ಪ್ರಿಮುಲಾದ ಈ ಎರಡು ಬಗೆಯ ಬಗ್ಗೆ ಡಾರ್ವಿನ್ 1862ರಲ್ಲೇ ಬರೆದಿದ್ದಾನೆ. ಆದರೆ ಒಂದು ಗಿಡದಲ್ಲಿ ಸಾಮಾನ್ಯವಾಗಿ ಒಂದೇ ಬಗೆ ತಾನೇ?

ಹಾಗಾಗಿ ಇದು ಬೀಜ ಬಿದ್ದು ಹುಟ್ಟಿದ ಬೇರೆ ಸಸಿ ಎಂದು ನನ್ನ ಗುಮಾನಿ. ತೋಟದ ಆರಿಕುಲಾಗಳು ಮಿಶ್ರತಳಿ, ಬೀಜದ ಮರಿಗಳು ತಾಯಿಯಂತೆಯೇ ಇರಬೇಕೆಂದೇನೂ ಇಲ್ಲ ಅಲ್ವಾ? ಹಳದಿ ಗೊಂಚಲಿನ ಬುಡದ ಎಲೆಗಳ ಮೇಲೆ ಬಿಳಿ ಹಿಟ್ಟೂ ಜಾಸ್ತಿ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಆದರೆ ಎಲೆಗಳು ಎಷ್ಟು ಹೆಣೆದುಕೊಂಡಿವೆ ಎಂದರೆ ಎರಡು ಬುಡ ಇದೆಯೋ ಒಂದೋ ಗೊತ್ತಾಗುತ್ತಿಲ್ಲ. "ಎರಡು ಬಣ್ಣ ಪುಕ್ಕಟೆ ಸಿಕ್ಕಿದೆ, ಸುಮ್ನಿರು" ಅನ್ನುತ್ತಾರೆ ನಮ್ಮ ಯಜಮಾನರು!

ಆರಿಕುಲಾ ಬೆಳೆಸಿದವರು ದಯವಿಟ್ಟು ಹೇಳಿ. ಹೂ ಮುಗಿದ ಮೇಲೆ ಕುಂಡ ಬದಲಿಸುವಾಗ ಬೇರು ಬಿಡಿಸಿ ನೋಡಿದರೆ ಸಾಕಾ? ಅಕಸ್ಮಾತ್ ಬುಡ ಒಂದೇ ಆಗಿದ್ದರೆ, ಹಳದಿ ಬಂದ ಕವಲನ್ನು ಕತ್ತರಿಸಿ ಬೇರೆ ನೆಡಬಹುದಾ?