ಎಂಜಿನ್ ‘ಸ್ವಾಪ್’ಗೆ ಕನ್ನಡದಲ್ಲಿ ಏನನ್ನುತ್ತೀರಿ? ಇವತ್ತು ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ವಿಡಿಯೊಗೆ ಕನ್ನಡ ಅಡಿಬರಹ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಕೊಡಬೇಕು. ವಿಷಯ ಇಷ್ಟೇ: 1979ರ ಮಾಜ್ದಾ ಆರ್‌ಎಕ್ಸ್-7 ಕಾರಿನ ಹಳೇ 12ಎ ರೋಟರಿ ಎಂಜಿನ್ (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವಂಥದ್ದು) ತೆಗೆದು, ಆ ಜಾಗಕ್ಕೆ ಆರ್‌ಎಕ್ಸ್-8ರ ರೆನೆಸಿಸ್ ಎಂಜಿನ್ (ಅದೂ ರೋಟರಿಯೇ) ಹಾಕುತ್ತಾರೆ. ‘ಸ್ವಾಪ್’ ಅನ್ನುವ ಮಾತು ನಿಮಿಷಕ್ಕೆ ಎರಡು ಸಲ ಬರುತ್ತದೆ.

ನಿಘಂಟು ತೆಗೆದರೆ ಅದಲುಬದಲು, ವಿನಿಮಯ. ಅದಲುಬದಲು ಅಂದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ, ಅಲ್ವಾ? ಇಲ್ಲಿ ಹಳೇ ಎಂಜಿನ್ ಸುಮ್ನೆ ಮೂಲೆಯಲ್ಲಿ ಟಾರ್ಪಾಲಿನ್ ಹೊದ್ದು ಕೂತಿದೆ, ಯಾವ ಕಾರಿಗೂ ಹೋಗುವುದಿಲ್ಲ.

ಇನ್ನೂ ಎರಡು ಇವೆ. ‘ಅಪೆಕ್ಸ್ ಸೀಲ್’ಗೆ ಯಂತ್ರಾನುವಾದ ಕೊಟ್ಟದ್ದು ‘ಶಿಖರ ಮುದ್ರೆ’. ‘ಎಕ್ಸೆಂಟ್ರಿಕ್ ಶಾಫ್ಟ್’ಗೆ ‘ವಿಲಕ್ಷಣ ದಂಡ’. ನಕ್ಕೆ, ಆಮೇಲೆ ಗಡಿಯಾರ ನೋಡಿದೆ. ಸಾಲಿಗೆ 35 ಅಕ್ಷರ ದಾಟುವಂತಿಲ್ಲ, ಹಾಗಾಗಿ ವಿವರಣೆ ಬೇಡ, ಪದ ಕೊಡಿ.

———

ಕಸಿ. ‘ಎಂಜಿನ್ ಕಸಿ’. ಹೃದಯ ಕಸಿ, ಮೂತ್ರಪಿಂಡ ಕಸಿ ಅಂತ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎರಡೇ ಅಕ್ಷರ. ಮುಗಿಯಿತು.

———

ಮುಗಿದಿಲ್ಲ. ಕಸಿ ಅಂದರೆ ಕಿತ್ತುಕೊಳ್ಳುವುದೂ ಹೌದು. ‘ಎಂಜಿನ್ ಕಸಿದರು’ ಅಂತ ಬಂದರೆ ನೋಡುವವರು ಕಳ್ಳತನ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಬೇರಿನವು. ಒಂದು ಗಿಡದ ಕೊಂಬೆ ಕಸಿದುಕೊಂಡು ಇನ್ನೊಂದಕ್ಕೆ ಕಟ್ಟುತ್ತೇವಲ್ಲ, ಅದಕ್ಕೇ ‘ಕಸಿ ಕಟ್ಟು’. ಇದನ್ನು ಹಿಂದೊಮ್ಮೆ ಇಲ್ಲೇ ಬರೆದಿದ್ದೆ, ಯಾರೂ ಉತ್ತರಿಸಲಿಲ್ಲ.

———

ಉತ್ತರಿಸುವಂಥದ್ದು ಇರಲಿಲ್ಲ ಸಾರ್. ಒಂದೇ ತರ ಬರೆದ ಮಾತ್ರಕ್ಕೆ ಒಂದೇ ಬೇರು ಆಗಿಬಿಡುತ್ತದೆಯೇ? ‘ಅರಿ’ ಅಂದರೆ ತಿಳಿ, ‘ಅರಿ’ ಅಂದರೆ ಶತ್ರು. ಅದಕ್ಕೂ ಒಂದು ಕತೆ ಕಟ್ಟಿ.

———

ಮೇಡಂ, ನಾನು ಭಾಷೆಯವನಲ್ಲ, ಎಂಜಿನ್ ಬಿಚ್ಚುವವನು. ನಮ್ಮ ಬಾಯಲ್ಲಿ ‘ಸ್ವಾಪ್’ ಬರುವುದೇ ಕಡಿಮೆ. ‘ಹಳೇದು ಇಳಿಸಿದೆವು, ಬೇರೇದು ಕೂರಿಸಿದೆವು’ ಅಂತೀವಿ. ‘ಕೂತಿತು’ ಅಂದರೆ ಸರಿಯಾಗಿ ಹೊಂದಿಕೊಂಡಿತು ಅಂತಲೂ ಆಯಿತು. ‘ಇನ್ನೂ ಕೂತಿಲ್ಲ’ ಅಂದರೆ ಎಲ್ಲೋ ತೊಡಕು. ನಿಮ್ಮ ವಿಡಿಯೊದ ಕೆಲಸದಲ್ಲಿ ಈ ಎರಡನೆಯದೇ ಜಾಸ್ತಿ. 12ಎ ರೋಟರ್ 70 ಮಿ.ಮೀ. ದಪ್ಪ. ರೆನೆಸಿಸ್ 13ಬಿ ಸಾಲಿನದು, ಅದರದ್ದು 80. ಎದುರಿಂದ ನೋಡಿದರೆ ಎರಡೂ ಒಂದೇ ಅಳತೆ. ದಪ್ಪದಲ್ಲಿ ರೋಟರ್‌ಗೆ 10ರಂತೆ ಎರಡಕ್ಕೆ 20 ಮಿ.ಮೀ. ಹೆಚ್ಚಿ, 1146 ಸಿಸಿ ಇದ್ದದ್ದು 1308 ಸಿಸಿ ಆಗುತ್ತದೆ. ಕಾಗದದ ಮೇಲೆ ಸಲೀಸು. ಕಾರಿನ ಮುಂದೆ ನಿಂತಾಗ ಗೊತ್ತಾಗುತ್ತದೆ: ಮೌಂಟಿಂಗ್ ಜಾಗ ಬೇರೆ, ಕಾರ್ಬುರೇಟರ್ ಇದ್ದ ಕಾರಿಗೆ ಈಗ ಇಂಜೆಕ್ಷನ್ ಪಂಪು, ವೈರಿಂಗು, ಕಂಪ್ಯೂಟರು ಎಲ್ಲ ಬೇಕು, ಹೊಗೆಯೂ ರೆನೆಸಿಸ್‌ನಲ್ಲಿ ಸುತ್ತುಗೋಡೆಯಿಂದಲ್ಲ, ಪಕ್ಕದ ತಟ್ಟೆಯಿಂದ ಹೊರಗೆ ಹೋಗುತ್ತದೆ.

ಅಪೆಕ್ಸ್ ಸೀಲ್‌ಗೆ ‘ಮೂಲೆಪಟ್ಟಿ’ ಅನ್ನಿ. ರೋಟರ್ ಅಂದರೆ ಹೊಟ್ಟೆ ಉಬ್ಬಿದ ತ್ರಿಕೋನ. ಒಂದೊಂದು ಮೂಲೆಯಲ್ಲೂ ಸೀಳು, ಸೀಳಿನಲ್ಲಿ ತೆಳು ಪಟ್ಟಿ, ಪಟ್ಟಿಯ ಹಿಂದೆ ಸ್ಪ್ರಿಂಗು. ಗೋಡೆಗೆ ಒತ್ತಿಕೊಂಡೇ ಓಡುತ್ತದೆ, ಇಲ್ಲದಿದ್ದರೆ ಕಂಪ್ರೆಷನ್ ಸೋರಿಹೋಗುತ್ತದೆ. 1960ರ ದಶಕದಲ್ಲಿ ಮಾಜ್ದಾದವರ ಮೊದಮೊದಲ ಎಂಜಿನ್‌ಗಳಲ್ಲಿ ಈ ಪಟ್ಟಿ ಅದುರಿ ಅದುರಿ ಗೋಡೆಯ ಮೇಲೆ ಸಾಲು ಸಾಲು ಗೀರು ಬೀಳುತ್ತಿತ್ತು. ಅವರು ಅದಕ್ಕಿಟ್ಟ ಹೆಸರು ‘ದೆವ್ವದ ಉಗುರಿನ ಗುರುತು’. ಈಗಲೂ ಹಳೇ ಹೌಸಿಂಗ್ (ರೋಟರ್ ಸುತ್ತಲಿನ ಕವಚ) ಕೈಗೆ ಬಂದರೆ ನಾನು ಮೊದಲು ಒಳಗೋಡೆಯ ಮೇಲೆ ಉಗುರು ಎಳೆದು ನೋಡುತ್ತೇನೆ. ಜಾರಿದರೆ ಸರಿ. ಟಕ್ ಅಂತ ಸಿಕ್ಕಿಕೊಂಡರೆ ಮುಂದೆ ಬಿಚ್ಚುವ ಉಮೇದೇ ಹೋಗುತ್ತದೆ.

———

ರೋಟರ್, ಎಂಜಿನ್, ಹೌಸಿಂಗ್, ಕಂಪ್ರೆಷನ್. ಇದರಲ್ಲಿ ಕನ್ನಡ ಎಲ್ಲಿದೆ? ಎಂಜಿನ್‌ಗೆ ‘ಬಿಣಿಗೆ’ ಇದೆ, ಬಳಸುವವರೂ ಇದ್ದಾರೆ. ರೋಟರ್ ಉರುಳುತ್ತದೆ, ‘ಉರುಳೆ’ ಅನ್ನಿ. ಉರುಳೆಬಿಣಿಗೆ. ಹೀಗೆ ಎಲ್ಲಕ್ಕೂ ಇಂಗ್ಲಿಶಿಗೆ ಕೈಚಾಚಿದರೆ ಕೊನೆಗೆ ನಮ್ಮದು ಅಂತ ಉಳಿಯುವುದು ‘ಅನ್ನು, ಇಂದ, ಗೆ’ ಮಾತ್ರ.

———

ಉರುಳೆ ಅಂದರೆ ಸಿಲಿಂಡರ್ ಸಾರ್, ಅಚ್ಚಗನ್ನಡದ ನಿಮ್ಮ ಕಡೆಯವರೇ ಹಾಗೆ ಬರೆಯುತ್ತಾರೆ. ಸಿಲಿಂಡರೂ ಇಲ್ಲ, ಪಿಸ್ಟನ್ನೂ ಇಲ್ಲ ಅನ್ನುವುದೇ ಈ ಎಂಜಿನ್‌ನ ಹೆಚ್ಚುಗಾರಿಕೆ. ಅದಕ್ಕೇ ಹೋಗಿ ಸಿಲಿಂಡರ್ ಅಂತ ಹೆಸರಿಟ್ಟರೆ ಹೇಗೆ?

———

‘ತಿರುಗು ಎಂಜಿನ್’ ಕೂಡ ಬೇಡ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಶಾಫ್ಟ್ ನಿಂತು ಸಿಲಿಂಡರ್‌ಗಳೇ ಗಿರಗಿರ ತಿರುಗುವ ಎಂಜಿನ್ ಇತ್ತು, ಅದರ ಹೆಸರೂ ರೋಟರಿಯೇ. ಕಂಡುಹಿಡಿದವನ ಹೆಸರಲ್ಲಿ ‘ವಾಂಕೆಲ್ ಎಂಜಿನ್’ ಅಂದರೆ ಗೊಂದಲವಿಲ್ಲ. ವಾಂಕೆಲ್, ವ್ಯಾಂಕೆಲ್ ಅಲ್ಲ. ಆತ ಜರ್ಮನ್.

ಎಕ್ಸೆಂಟ್ರಿಕ್ ಶಾಫ್ಟ್‌ಗೆ ‘ಉತ್ಕೇಂದ್ರ ದಂಡ’. ಗಣಿತದ ಪುಸ್ತಕಗಳಲ್ಲಿ ಉತ್ಕೇಂದ್ರತೆ ಆಗಲೇ ಇದೆ.

———

ಗಾಡಿಗೆ ‘ಅಚ್ಚು’ ಇರುವಾಗ ದಂಡ ಯಾಕೆ? ಓರೆಯಚ್ಚು ಅನ್ನಿ. ಸಂಸ್ಕೃತ ಇಳಿಸಿ, ಕನ್ನಡ ಕೂರಿಸಿ.

———

ಅಚ್ಚು ಬಂದದ್ದೇ ‘ಅಕ್ಷ’ದಿಂದ ಅನ್ನುವವರಿದ್ದಾರೆ, ‘ಅಚ್ಚಗನ್ನಡ’ದ ಅಚ್ಚ ಸಂಸ್ಕೃತದ ‘ಅಚ್ಛ’ ಅನ್ನುವವರೂ ಇದ್ದಾರೆ. ಒಂದು ಸಾವಿರ ವರ್ಷದ ಹಿಂದೆ ಬಂದದ್ದು ನಮ್ಮದು, ನೂರು ವರ್ಷದ ಹಿಂದೆ ಬಂದ ಎಂಜಿನ್ ಪರಕೀಯ. ಈ ಗೆರೆ ಎಳೆದವರು ಯಾರು? ಮತ್ತೆ, ಓರೆ ಅಂದರೆ ಸೊಟ್ಟ. ಆ ಶಾಫ್ಟ್ ಸೊಟ್ಟಗಿಲ್ಲ, ನೆಟ್ಟಗೇ ಇದೆ. ರೋಟರ್ ಕೂರುವ ಗುಂಡು ಭಾಗ ಮಾತ್ರ ನಡುವಿನಿಂದ ಸರಿದಿದೆ. ಹಾಗೆ ಸರಿದಿರುವುದಕ್ಕೇ ರೋಟರ್ ಒತ್ತಿದರೆ ಶಾಫ್ಟ್ ತಿರುಗುವುದು.

———

ಅಡ್ಡಬಾಯಿ ಹಾಕುತ್ತಿದ್ದೇನೆ. ‘ಎತ್ತಂಗಡಿ’ ಆಗಲ್ವಾ? ಎಂಜಿನ್ ಎತ್ತಂಗಡಿ.

———

ನೌಕರರನ್ನು ವರ್ಗ ಮಾಡಿದರೆ ಎತ್ತಂಗಡಿ. ಎಂಜಿನ್ ಏನು ಗುಮಾಸ್ತನೇ?

———

ಎಲ್ಲರಿಗೂ ಧನ್ಯವಾದ, ಫೈಲ್ ಕಳಿಸಿಯಾಯಿತು. ಶೀರ್ಷಿಕೆಗೆ ಮಾತ್ರ ‘ಕಸಿ’, ಒಳಗೆಲ್ಲ ‘ಇಳಿಸು, ಕೂರಿಸು’. ಮೂಲೆಪಟ್ಟಿ ಹಾಕಿದ್ದೇನೆ, ವಿಡಿಯೊದಲ್ಲಿ ಆತ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸುವಾಗ ಆ ಪದ ಕೆಳಗೆ ಬಂದರೆ ಬೇರೆ ಏನೂ ಹೇಳಬೇಕಿಲ್ಲ. ರೋಟರ್ ರೋಟರೇ. ಶಾಫ್ಟನ್ನು ಬರೀ ‘ಶಾಫ್ಟ್’ ಅಂತ ಬಿಟ್ಟೆ, ಬೈಯಬೇಡಿ, ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಬರುತ್ತದೆ ಅನ್ನುವ ಸಾಲಿನಲ್ಲಿ ಉತ್ಕೇಂದ್ರಕ್ಕೆ ಜಾಗವೇ ಇರಲಿಲ್ಲ. ಮೊದಲ ಎರಡು ಸಾಲು ಹೀಗಿವೆ:

ಹಳೇ ಕಾರಿಗೆ ಹೊಸ ಇಂಜಿನ್ ಕಸಿ
12ಎ ಎಂಜಿನ್ ಇಳಿಸಿಯಾಯಿತು

———

ಮೊದಲ ಸಾಲಿನಲ್ಲಿ ‘ಇಂಜಿನ್’, ಎರಡನೆಯದರಲ್ಲಿ ‘ಎಂಜಿನ್’. ಯಾವುದು?